ಟೈಲರಮ್ಮನ ಬಾಯಿಗೆ ಮೂರು ಹೊಲಿಗೆ

ಟೈಲರಮ್ಮನ ಮೆಷಿನ್ ನಿಂತರೂ ಮಾತು ನಿಲ್ಲುತ್ತಿರಲಿಲ್ಲ. ಬ್ಯಾಂಕಿನ ಮಗ್ಗುಲಲ್ಲಿ, ಮೆಟ್ಟಿಲ ಕೆಳಗೆ ಅವಳ ಅಂಗಡಿ. ಒಂದು ಮೆಷಿನ್ನಿಗೆ ಅವಳು, ಇನ್ನೊಂದಕ್ಕೆ ನಾದಿನಿ. ಹಾಗಾಗಿ ಒಂದು ಸೋಮವಾರ ಅವಳು ಬಾಯಿ ಬಿಡದೆ ಕುಳಿತಾಗ ನಾದಿನಿಗೆ ಗಾಬರಿಯಾಯಿತು.

"ಅತ್ತಿಗೆ, ನನ್ನ ಮೇಲೇನಾದ್ರೂ ಕೋಪಾನಾ?"

ಟೈಲರಮ್ಮ ಬಲಗೆನ್ನೆ ತೋರಿಸಿದಳು. ಒಳಗೆ ನಿಂಬೆಹಣ್ಣು ಇಟ್ಟುಕೊಂಡಂತೆ ಊದಿತ್ತು. ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯದು. ಹಲ್ಲು ಕಚ್ಚಿಕೊಂಡು ಸಹಿಸೋಣವೆಂದರೆ ಹಲ್ಲೇ ಕೈಕೊಟ್ಟಿತ್ತು.

ನಾದಿನಿ ಆ ಗಳಿಗೆಯೇ ಅಂಗಡಿಯ ಬಾಗಿಲೆಳೆದು ಅವಳನ್ನು ದಂತಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಳೆಯ ಪೋಸ್ಟ್‌ಮ್ಯಾನ್ ಕೇಳದಿದ್ದರೂ ತನ್ನ ಕಥೆ ಹೇಳಿದ. "ಹಲ್ಲು ಬಿದ್ದು ಹತ್ತು ವರ್ಷ ಆಯ್ತಮ್ಮ. ದವಡೆ ಮೂಳೆ ಸವೆದಿದೆಯಂತೆ. ಮೊದಲು ಮೂಳೆಪುಡಿ ತುಂಬ್ತಾರೆ, ಗಟ್ಟಿಯಾದ್ಮೇಲೆ ಸ್ಕ್ರೂ ಕೂರಿಸಿ ಹೊಸ ಹಲ್ಲು. ಇದಕ್ಕಿಂತ ಮನೆ ಬೇಗ ಕಟ್ಟಬಹುದು!"

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎಕ್ಸ್‌ರೇ ಮೇಲೆ ಬೆರಳಿಟ್ಟು, "ನೋಡಿ, ಬುದ್ಧಿಹಲ್ಲು ಅಡ್ಡ ಮಲಗಿದೆ. ಮೇಲೆ ಬರೋಕೆ ಜಾಗ ಇಲ್ಲ, ಪಕ್ಕದ ಹಲ್ಲನ್ನ ನೂಕ್ತಾ ಇದೆ. ಒಸಡಿನಡಿ ಅನ್ನದ ಚೂರು ಸೇರಿ ಕೀವಾಗಿದೆ" ಎಂದರು.

"ಐವತ್ತಾದ್ಮೇಲೆ ಬುದ್ಧಿ ಬಂದ್ರೆ ಇನ್ನೇನಾಗುತ್ತೆ!" ಎಂದಳು ನಾದಿನಿ. ಉತ್ತರ ಕೊಡಲಾಗದ ಅತ್ತಿಗೆಯ ಮುಂದೆ ಅವಳಿಗೆ ಧೈರ್ಯ ಬಂದಿತ್ತು.

ಐದು ದಿನ ಮಾತ್ರೆ ನುಂಗಿ, ಊತ ಇಳಿದು, ಬಾಯಿ ತೆರೆಯುವಂತಾದ ಮೇಲೆ ಶಸ್ತ್ರಚಿಕಿತ್ಸೆ. ಇಂಜೆಕ್ಷನ್ನಿಗೆ ಅರ್ಧ ತುಟಿ ತನ್ನದಲ್ಲವೆನಿಸಿತು. "ಒಸಡು ಸ್ವಲ್ಪ ಬಿಡಿಸಿ, ಸುತ್ತಲ ಮೂಳೆ ಸವರಿ, ಹಲ್ಲನ್ನ ಎರಡು ತುಂಡು ಮಾಡಿ ತೆಗೀತೀನಿ. ನೋವಾಗಲ್ಲ, ಒತ್ತಿದ ಹಾಗಾಗುತ್ತೆ" ಎಂದರು ಡಾಕ್ಟರು. ಯಂತ್ರ ಗುಂಯ್‌ಗುಟ್ಟಿತು. ಕುರ್ಚಿಯ ತೋಳು ಕಿತ್ತುಬರುವಂತೆ ಹಿಡಿದಳು. ಆದರೆ ಕೊನೆಗೆ ಇಕ್ಕಳದಲ್ಲಿ ಹಿಡಿದ ಡೊಂಕು ಸೂಜಿ ಕಂಡದ್ದೇ ತಡ, ಭಯವೆಲ್ಲ ಮರೆತೇಹೋಯಿತು. ಸೂಜಿ ಬಂದು ಹೋಗುವುದನ್ನೇ ಕಣ್ಣರಳಿಸಿ ನೋಡಿದಳು. ಒಂದು, ಎರಡು, ಮೂರು.

ಬಾಯಿಗೆ ಹತ್ತಿ ಒತ್ತಿ, "ಅರ್ಧ ಗಂಟೆ ಮಾತಾಡಬೇಡಿ" ಎಂದರು. ಅವಳು ಚೀಲದಿಂದ ಗುರುತು ಹಾಕುವ ಚಾಕ್ ತೆಗೆದು, ಕಪ್ಪು ಚೀಲದ ಮೇಲೆಯೇ ಬರೆದಳು: ಯಾವ ದಾರ?

"ರೇಷ್ಮೆ" ಎಂದರು ಡಾಕ್ಟರು, ನಗು ತಡೆಯಲಾರದೆ.

ಎರಡು ದಿನ ಐಸು, ತಣ್ಣಗಿನ ಗಂಜಿ. ಆಮೇಲೆ ಅಂಗಡಿಗೆ ಬಂದರೂ ದವಡೆ ಬಿಗಿಯಾಗಿದ್ದರಿಂದ ಚಾಕೇ ಮಾತಾಡಿತು. 'ರವಿಕೆ ಇಷ್ಟು ಬಿಗಿ ಬೇಡ, ಉಸಿರಾಡಬೇಕಲ್ಲ' ಎಂದು ಕಪ್ಪು ಬಟ್ಟೆಯ ಮೇಲೆ ಬರೆದು ತೋರಿಸಿದರೆ, ಗಂಟೆಗಟ್ಟಲೆ ಚೌಕಾಸಿ ಮಾಡುತ್ತಿದ್ದವರು ಕೂಡ ತೆಪ್ಪಗೆ ತಲೆಯಾಡಿಸಿ ಹೋದರು.

ವಾರವಾದ ಮೇಲೆ ಡಾಕ್ಟರು ಹೊಲಿಗೆ ಬಿಚ್ಚಿದರು. ಟೈಲರಮ್ಮ ಕನ್ನಡಿಯಲ್ಲಿ ಹೊಲಿಗೆಯ ಗುರುತು ನೋಡಿಕೊಂಡು, "ಮುಂದಿನ ಎರಡು ಹೊಲಿಗೆ ಲಕ್ಷಣವಾಗಿತ್ತು ಡಾಕ್ಟ್ರೇ. ಹಿಂದಿನದು ಸ್ವಲ್ಪ ಎಳೆದಿತ್ತು" ಎಂದಳು.

"ಅಲ್ಲಿ ಕೈಯೇ ಹೋಗಲ್ಲ ಅಮ್ಮ."

"ಕಂಕುಳ ಹೊಲಿಗೇನೂ ಹಾಗೇ."

ಡಾಕ್ಟರು ನಕ್ಕು, ಇನ್ನೊಂದು ಇಕ್ಕಳ, ಡೊಂಕು ಸೂಜಿ, ಒಂದು ಚೂರು ಬಟ್ಟೆ ಅವಳ ಕೈಗಿಟ್ಟರು. ಮೊದಲ ಹೊಲಿಗೆ ಸೊಟ್ಟಗಾಯಿತು. ಎರಡನೆಯದು ಪರವಾಗಿಲ್ಲ. ಮೂರನೆಯದಕ್ಕೆ ಡಾಕ್ಟರೇ ಬಗ್ಗಿ ನೋಡಿದರು. ಹೊರಗೆ ಪೇಷಂಟುಗಳು ಕಾಯುತ್ತಿದ್ದಾರೆಂದು ನರ್ಸ್ ಎರಡು ಸಲ ಬಂದು ಹೇಳಿ ಹೋದಳು.