ಡ್ರೈವರ್ ಎಂದು ಕರೆದ ದಿನ

ದೋಹಾದ ಅಬು ಹಮೂರಿನ ಈ ಮನೆಯ ಸ್ಟೋರಿನಲ್ಲಿ ಮೊನ್ನೆ ಹಳೇ ಡೇರೆಯ ಚೀಲ ಬಿಚ್ಚಿದೆ. ಒಳಗಿನಿಂದ ಒಣಹುಲ್ಲಿನ, ಹೊಳೆಮಣ್ಣಿನ ವಾಸನೆ ಬಂತು. ಕತಾರಿನಲ್ಲಿ ಆ ವಾಸನೆ ಎಲ್ಲಿಯೂ ಇಲ್ಲ. ಅಲ್ಲೇ ಕುಳಿತುಬಿಟ್ಟೆ...

ನಾನು ಈ ಮನೆಯ ಅಡುಗೆಯವಳು. ನನ್ನ ಅಣ್ಣ ಇದೇ ಮನೆಯ ಡ್ರೈವರ್ ಆಗಿದ್ದ. ಯಜಮಾನರು ಲೆಬನಾನಿನ ಡಾಕ್ಟರು. ಮೊದಲು ಇಲ್ಲಿ ಅಕ್ಕ ತಂಗಿ ಇಬ್ಬರು ಕೆಲಸಕ್ಕಿದ್ದರಂತೆ. ತಾಯಿ ತೀರಿಕೊಂಡಾಗ ಒಟ್ಟಿಗೆ ಊರಿಗೆ ಹೋದವರು ತಿರುಗಿ ಬರಲೇ ಇಲ್ಲ. ಆಮೇಲೆ ಮೇಡಂ ಒಂದೇ ಕುಟುಂಬದ ಇಬ್ಬರನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಗಂಡ ಬಿಟ್ಟುಹೋದ ನನಗೆ ಮಗಳನ್ನು ಓದಿಸಲು ಕೆಲಸ ಬೇಕಿತ್ತು. ಅಣ್ಣ ನನ್ನನ್ನು ಸೇರಿಸುವಾಗ, "ನಮ್ಮ ಊರಿನ ಕಡೆಯ ಹೆಂಗಸು" ಎಂದಷ್ಟೇ ಹೇಳಿದ. ಅಂದಿನಿಂದ ನಾನು ಅವನನ್ನು ಡ್ರೈವರ್ ಎಂದು ಕರೆಯತೊಡಗಿದೆ.

ಒಂದು ಬೇಸಿಗೆಯಲ್ಲಿ ನಮ್ಮಿಬ್ಬರನ್ನೂ ಫ್ರಾನ್ಸಿಗೆ ಕರೆದುಕೊಂಡು ಹೋದರು. ದಿನಕ್ಕೊಂದು ಕಡೆ ಡೇರೆ ಹಾಕುವುದು, ಬಿಚ್ಚುವುದು, ಮುಂದೆ ಹೋಗುವುದು. ಒಂದು ಹೊಳೆಯ ಬದಿಯಲ್ಲಿ ಮಾತ್ರ ಒಂದು ದಿನ ಹೆಚ್ಚು ನಿಂತೆವು. ಎದುರಿನ ಗುಡ್ಡದ ಮೇಲೆ ರಾಜರ ಕಾಲದ ಊರು; ಸುತ್ತ ಕಲ್ಲಿನ ಕೋಟೆ, ಒಳಗೆ ಒತ್ತೊತ್ತಾಗಿ ಹಂಚಿನ ಮನೆಗಳು. ಬೆಳಿಗ್ಗೆ ಮೇಡಂ, "ಖಲಾಸ್, ಇವತ್ತು ಯಾರಿಗೂ ಕೆಲಸ ಇಲ್ಲ" ಎಂದು ಹೇಳಿ, ಮನೆಯವರನ್ನೆಲ್ಲ ಕರೆದುಕೊಂಡು ಆ ಊರು ನೋಡಲು ಹೋದರು.

ನಾನು ಬಟ್ಟೆ ಒಗೆಯಲು ಬಕೆಟ್ ಎತ್ತಿದೆ. ಅಣ್ಣ ಅದನ್ನು ಕಸಿದು, ಬೋರಲು ಹಾಕಿ, ಮೇಲೆ ಕುಳಿತ.

"ಮೇಡಂ ಹೇಳಿದ್ದು ಕೇಳ್ಲಿಲ್ವಾ? ಕೂತ್ಕೊ ಮಾರಾಯ್ತಿ."

ಅವನೇ ಚಾ ಮಾಡಿದ. ಸಕ್ಕರೆ ಜಾಸ್ತಿಯಾಗಿತ್ತು. ಹೊಳೆಗೆ ಕಾಲು ಇಳಿಬಿಟ್ಟು ಕುಳಿತೆವು. ಮೇಲಿನ ಊರಿನ ಗಂಟೆ ಆಗಾಗ ಕೇಳುತ್ತಿತ್ತು. ಚಿಕ್ಕಂದಿನಲ್ಲಿ ಅವನ ಬೆನ್ನೇರಿ ತೋಡು ದಾಟುತ್ತಿದ್ದದ್ದು, ಅವನು ಬೇಕೆಂದೇ ನಡುನೀರಿನಲ್ಲಿ ಬಗ್ಗಿ ನನ್ನನ್ನು ಹೆದರಿಸುತ್ತಿದ್ದದ್ದು... ನನ್ನ ಮದುವೆಯಾದ ಮೇಲೆ ನಾವು ಅಷ್ಟು ಹೊತ್ತು ಜೊತೆಗೆ ಕುಳಿತದ್ದು ಅದೇ ಮೊದಲು.

"ಇವತ್ತೊಂದು ದಿನ ಅಣ್ಣ ಅಂತ ಕರಿ. ಇಲ್ಲಿ ಕೇಳುವವರು ಯಾರುಂಟು?" ಎಂದ.

"ಬೇಡ. ರೂಢಿಯಾದ್ರೆ ನಾಳೆ ಮೇಡಂ ಎದುರೇ ಬಾಯಿಗೆ ಬರ್ತದೆ."

"ಆಯ್ತು, ಡ್ರೈವರಿಗೆ ಇನ್ನೊಂದು ಗ್ಲಾಸ್ ಚಾ ಆದ್ರೂ ಕೊಡು."

ಆಗ ಪಕ್ಕದ ಡೇರೆಯ ಮುದುಕಿ ಹಣ್ಣು ತಂದುಕೊಟ್ಟಳು. ತನ್ನ ಉಂಗುರದ ಬೆರಳು ಮುಟ್ಟಿ, ಅಣ್ಣನತ್ತ ತೋರಿಸಿ, ಗಂಡನೇ ಎಂದು ಸನ್ನೆಯಲ್ಲಿ ಕೇಳಿದಳು. ನಾನು ಗಾಬರಿಯಾಗಿ ಅಲ್ಲವೆಂದು ತಲೆಯಾಡಿಸಿದೆ. ಎರಡೂ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿ ತೋರಿಸಿ, "ಡ್ರೈವರ್" ಎಂದೆ. ಅಣ್ಣನೂ ಗಾಳಿಯಲ್ಲಿ ಸ್ಟಿಯರಿಂಗ್ ತಿರುಗಿಸಿ ಪೋಂ ಪೋಂ ಎಂದ. ಮುದುಕಿ ನಗುತ್ತಾ ಹೋದಳು.

ಅವಳು ಹೋದ ಮೇಲೆ ಅವನ ಮುಖದಲ್ಲಿ ನಗು ಉಳಿಯಲಿಲ್ಲ. "ಅವಳ ಹತ್ರ ಹೇಳಿದ್ರೆ ಎಂತ ಆಗ್ತಿತ್ತು?" ಎಂದ.

ನಾನು ಹಣ್ಣು ತೊಳೆಯಲು ಎದ್ದೆ.

ಮರುವರ್ಷ ದೋಹಾದಲ್ಲಿ ಕಾರು ತೊಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ. ಡಾಕ್ಟರೇ ಓಡಿಬಂದರು. ಉಳಿಯಲಿಲ್ಲ... ಅವನನ್ನು ಊರಿಗೆ ಕಳಿಸುವ ಓಡಾಟವನ್ನೆಲ್ಲ ಅವರೇ ಮಾಡಿದರು. ಸುತ್ತಲಿನ ಮನೆಗಳ ಡ್ರೈವರುಗಳು ಬಂದು ಮೇಡಂಗೆ ಸಮಾಧಾನ ಹೇಳಿದರು. ನಾನು ಅವರಿಗೆಲ್ಲ ಚಾ ಕೊಟ್ಟೆ. ಊರಿನಿಂದ ಅತ್ತಿಗೆ ಫೋನಿನಲ್ಲಿ, "ನಿನಗಾದ್ರೂ ಅವರ ಒಟ್ಟಿಗೆ ಬರ್ಲಿಕ್ಕಾಗ್ಲಿಲ್ವಾ?" ಎಂದು ಅತ್ತರು. ರಜೆ ಕೊಡಲಿಲ್ಲ ಎಂದೆ. ನಾನು ರಜೆ ಕೇಳಿರಲೇ ಇಲ್ಲ.

ಈಗ ಮಗಳಿಗೆ ಕೆಲಸ ಸಿಕ್ಕಿದೆ. ಹೆದರಲು ಕಾರಣವೇ ಉಳಿದಿಲ್ಲ. ನಿನ್ನೆ ಮೇಡಂ ಹತ್ತಿರ ರಜೆ ಕೇಳಿದೆ.

"ಊರಲ್ಲಿ ಯಾರಿದ್ದಾರೆ?" ಎಂದರು.

"ಅಣ್ಣನ ಹೆಂಡತಿ."

"ನಿನಗೆ ಅಣ್ಣ ಇದ್ದಾನಾ? ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಲಿಲ್ಲವಲ್ಲ!"

"ಇದ್ದ," ಎಂದೆ.

ಮೇಡಂ ನನ್ನ ಭುಜ ಮುಟ್ಟಿದರು. ಯಾರು ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.