ಮುನ್ನೂರ ಅರವತ್ನಾಲ್ಕು ಇಂಚಿನ ಎದೆ

ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಗುಂಡಿಯಕ್ಕ ಎನ್ನುತ್ತಿದ್ದರು. ಮೆಚ್ಚಿ ಕೊಟ್ಟ ಹೆಸರೇನಲ್ಲ. ಮಣಿಕಟ್ಟಿನ ನೋವಿನಿಂದ ಕತ್ತರಿ ಹಿಡಿಯಲಾಗದೆ ಹೋದ ಮೇಲೆ ಅಂಗಡಿಯ ಯಜಮಾನರಾದ ಮಾಸ್ತರರು ಕನಿಕರಪಟ್ಟು ಅವಳಿಗೆ ಗುಂಡಿ ಹಚ್ಚುವ ಕೆಲಸ ಕೊಟ್ಟಿದ್ದರು. ಆ ಕನಿಕರವೇ ಅವಳಿಗೆ ನುಂಗಲಾರದ ತುತ್ತು. ಅರ್ಧ ಆಯುಷ್ಯ ಬಟ್ಟೆ ಕತ್ತರಿಸಿದವಳು ಮೂಲೆಯಲ್ಲಿ ಕೂತು ಗುಂಡಿ ಹಚ್ಚಬೇಕೇ?

ಹಾಗಾಗಿ ಮಗಳ ಹಳೆಯ ಲ್ಯಾಪ್‌ಟಾಪ್ ಎದುರಿಟ್ಟುಕೊಂಡು, ಫೋನಿನಲ್ಲಿ ಪಾಠ ನೋಡುತ್ತ ಜಾವಾಸ್ಕ್ರಿಪ್ಟ್ ಕಲಿಯಲು ಹೊರಟಳು. ಗಿರಾಕಿಯ ಮೈ ಅಳತೆ ಹಾಕಿದರೆ ಬಟ್ಟೆ ಎಷ್ಟಕ್ಕೆ ಕತ್ತರಿಸಬೇಕೆಂದು ಹೇಳುವ ವೆಬ್ ಪುಟವೊಂದನ್ನು ಮಾಡಬೇಕೆಂಬುದು ಅವಳ ಹಟ. ಅದು ಕೈಗೂಡಿದರೆ ಅಂಗಡಿಯ ಅಳತೆಯ ಕೆಲಸ ಅವಳದು. ಮಾಸ್ತರರು ಮಾತು ಕೊಟ್ಟಿದ್ದರು, ಅರೆಮನಸ್ಸಿನಿಂದ.

ತೋಳಿನ ಲೆಕ್ಕ ಮೊದಲ ಸಲಕ್ಕೇ ಸರಿಬಂತು. ತೋಳಿನ ಉದ್ದದಲ್ಲಿ ಮುಂಗೈ ಪಟ್ಟಿಯ ಅಗಲ ಎರಡಿಂಚು ಕಳೆಯಬೇಕು. ಇಪ್ಪತ್ನಾಲ್ಕು ಹಾಕಿದರೆ ಇಪ್ಪತ್ತೆರಡು ಬಂತು. ಅವಳು ಹಿಗ್ಗಿ ಹೀರೇಕಾಯಿಯಾದಳು. ಅದೇ ಗುಂಗಿನಲ್ಲಿ ಎದೆಯ ಲೆಕ್ಕವನ್ನು ಪರೀಕ್ಷಿಸದೆಯೇ ಅಂಗಡಿಗೆ ಒಯ್ದಳು. ಮೂವತ್ತಾರರ ಎದೆಗೆ ನಾಲ್ಕಿಂಚು ಸಡಿಲ ಕೂಡಿಸಬೇಕಿತ್ತು. ಪರದೆಯ ಮೇಲೆ 364 ಎಂದು ಬಂತು.

“ಯಾರಿಗಮ್ಮ ಅಂಗಿ? ಆನೆಗಾ?” ಎಂದರು ಮಾಸ್ತರರು. ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಅಡಗಿದ ಮೇಲೆ ಮಾಸ್ತರರು ಮೆಲ್ಲಗೆ ಆಡಿದ ಮಾತು ಅವಳಿಗೆ ಚುಚ್ಚಿತು. “ಶನಿವಾರದೊಳಗೆ ಸರಿಹೋಗದಿದ್ರೆ ಬಿಟ್ಬಿಡು. ಅಳತೆಗೆ ಬೇರೆಯವರನ್ನ ನೋಡ್ಕೋತೀನಿ.”

ಮನೆಗೆ ಬಂದು ಅವಳು ಲ್ಯಾಪ್‌ಟಾಪನ್ನೇ ಬಯ್ದಳು. “ಕಳೆಯೋಕೆ ಬರತ್ತೆ, ಕೂಡೋಕೆ ಬರಲ್ವಾ ನಿಂಗೆ?”

“ಅದು ಅಂಕಿ ಅಂತ ಅದಕ್ಕೆ ಹೇಳಿದ್ದೀಯಾಮ್ಮ?” ಎಂದಳು ಮಗಳು, ತಲೆ ಬಾಚಿಕೊಳ್ಳುತ್ತ.

ಪಾಠದಲ್ಲಿ ಟೈಪ್‌ಆಫ್ ಎಂಬುದೊಂದಿತ್ತು. ಕೈಯಲ್ಲಿರುವುದು ಯಾವ ಬಗೆಯ ವಸ್ತು ಎಂದು ಅದು ಹೇಳುತ್ತದೆ. ಹಾಕಿ ನೋಡಿದಳು. ಸ್ಟ್ರಿಂಗ್ ಎಂದಿತು. ಪುಟದಲ್ಲಿ ಅಳತೆ ತುಂಬುವ ಪೆಟ್ಟಿಗೆಯಲ್ಲಿ ಬರೆದ 36 ಅದರ ಪಾಲಿಗೆ ಅಂಕಿಯೇ ಅಲ್ಲ, ಬರೀ ಅಕ್ಷರ. ಕಳೆ ಎಂದರೆ ಅಕ್ಷರದಲ್ಲಿ ಕಳೆಯುವುದೇನು ಎಂದುಕೊಂಡು ಅದನ್ನು ತಾನೇ ಅಂಕಿಯಾಗಿಸುತ್ತಿತ್ತು. ಕೂಡು ಎಂದರೆ ಮಾತ್ರ ನಾಲ್ಕನ್ನೂ ಅಕ್ಷರವಾಗಿಸಿ, ಎರಡು ತುಂಡು ಬಟ್ಟೆ ಹೊಲಿದಂತೆ 36ರ ಬಾಲಕ್ಕೆ ಅಂಟಿಸುತ್ತಿತ್ತು. ಒಂದು ಮಾತು ಕೇಳುವುದಿಲ್ಲ, ಎಲ್ಲ ತನ್ನದೇ ಊಹೆ. ಇಂಥ ಕೆಲಸದವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು.

ಬಿಡಿಸಿಯೇ ಹೇಳಿದಳು. ಅಳತೆಯನ್ನು ಮೊದಲು ನಂಬರ್ ಮಾಡು, ಆಮೇಲೆ ಕೂಡು. ನಲವತ್ತು ಬಂತು. ಆದರೆ ಒಮ್ಮೆ ಸುಟ್ಟುಕೊಂಡವಳು. ಈ ಸಲ ಪೆಟ್ಟಿಗೆ ಖಾಲಿ ಬಿಟ್ಟೂ ನೋಡಿದಳು. ಖಾಲಿಯನ್ನು ಅದು ಸದ್ದಿಲ್ಲದೆ ಸೊನ್ನೆಯಾಗಿಸಿ, ನಾಲ್ಕಿಂಚಿನ ಎದೆ ಎಂದಿತು. ಅಳತೆ ಬಿಟ್ಟುಹೋದರೆ ದರ್ಜಿಯಾದವನು ಗಿರಾಕಿಯನ್ನು ಮತ್ತೆ ಕರೆಯುತ್ತಾನೆ, ಸೊನ್ನೆ ಎಂದುಕೊಂಡು ಕತ್ತರಿ ಹಾಕುವುದಿಲ್ಲ. ತನ್ನ ಪುಟಕ್ಕೂ ಅದೇ ಬುದ್ಧಿ ಕಲಿಸಿದಳು.

ಶನಿವಾರ ಮಾಸ್ತರರು ಬೇಕೆಂದೇ ಎದೆಯ ಪೆಟ್ಟಿಗೆ ಖಾಲಿ ಬಿಟ್ಟು ಒತ್ತಿದರು. “ಎದೆಯ ಅಳತೆ ಹಾಕಿಲ್ಲ” ಎಂದಿತು ಪುಟ. ಅವರ ಹುಬ್ಬು ಮೇಲೇರಿತು. ಆಮೇಲೆ ಆ ದಿನದ ಗಿರಾಕಿಯ ಎದೆಯಳತೆ ಮೂವತ್ತೆಂಟು ಹಾಕಿದರು.

“ಎಷ್ಟು ಬಂತಮ್ಮ?”

“ನಲವತ್ತೆರಡು, ಮಾಸ್ತರೇ.”

ಮೇಜಿನ ಮೇಲೆ ಗಿರಾಕಿ ಕೊಟ್ಟ ಒಳ್ಳೆಯ ಉಣ್ಣೆ ಬಟ್ಟೆ ಹರಡಿತ್ತು. ಒಮ್ಮೆ ಕತ್ತರಿಸಿದರೆ ಮುಗಿಯಿತು. ಇನ್ನೊಬ್ಬರು ಹೇಳಿದ ಅಳತೆಗೆ ಮಾಸ್ತರರು ಕತ್ತರಿ ಹಾಕಿದ್ದನ್ನು ಆ ಅಂಗಡಿಯಲ್ಲಿ ಯಾರೂ ಕಂಡಿರಲಿಲ್ಲ. ಅವರು ನಲವತ್ತೆರಡರ ಲೆಕ್ಕಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಕತ್ತರಿ ಎತ್ತಿಕೊಂಡು, ಗೆರೆಯುದ್ದಕ್ಕೂ ಕತ್ತರಿಸಿದರು.

ಆಮೇಲೆ ತಲೆ ಎತ್ತದೆಯೇ ಕೇಳಿದರು: “ತೋಳು ಎಷ್ಟು?”