ಹೆಸರಿನ ಎಡಕ್ಕೆ ಬಿಟ್ಟ ಜಾಗ

ಬೆಟಗೇರಿಯ ಆ ಟ್ರೋಫಿ ಅಂಗಡಿ ಶುರುವಾದದ್ದು ಪಾತ್ರೆಗಳಿಗೆ ಹೆಸರು ಹಾಕುವುದರಿಂದ. ಮದುವೆಯ ಕೊಡ, ತಾಟು, ಚರಿಗೆಗಳ ಮೇಲೆ ಅಕ್ಷರ ಕೊರೆಯುತ್ತಿದ್ದ ಉಳವಪ್ಪ, ಊರೂರಲ್ಲಿ ಕಬಡ್ಡಿ ಪಂದ್ಯಗಳು ಹೆಚ್ಚಾದ ಮೇಲೆ ಕಪ್ ಮತ್ತು ಢಾಲುಗಳಿಗೆ, ಅಂದರೆ ಶೀಲ್ಡ್‌ಗಳಿಗೆ, ಹೊರಳಿದ. ಈಗ ಕಪ್‌ಗಳು ತಯಾರಾಗಿಯೇ ಬರುತ್ತವೆ. ಹಿತ್ತಾಳೆ ಪಟ್ಟಿಯ ಮೇಲಿನ ಅಕ್ಷರ ಮಾತ್ರ ಇಂದಿಗೂ ಉಳಿ ಹಿಡಿದು ಕೈಯಿಂದಲೇ ಕೊರೆದದ್ದು. ಕೊರೆಯುವವಳು ಸೊಸೆ ಸುನಿತಾ.

ಉಳಿ ಹಿಡಿಯಲು ಕಲಿಸಿದವನು ಮಾವನೇ. ಮಗ ಸಿದ್ದಲಿಂಗೇಶನ ಕೈ ನಿಲ್ಲುತ್ತಿರಲಿಲ್ಲ. ಅವನು ಬೈಕಿಗೆ ಕಪ್‌ಗಳ ಡಬ್ಬಿ ಕಟ್ಟಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತುವವನಾದ.

ಮಳೆಗಾಲದಲ್ಲಿ ಪಂದ್ಯಗಳಿರುವುದಿಲ್ಲ. ಆ ಬಿಡುವಿನಲ್ಲಿ ಉಳವಪ್ಪ ಸ್ಮರಣಾರ್ಥ ಢಾಲುಗಳ ಪಟ್ಟಿಗಳನ್ನು ಮುಂಚೆಯೇ ಕೊರೆದಿಡುತ್ತಿದ್ದ. ಹಿರಿಯರು ತೀರಿಕೊಂಡರೆ ಅವರ ಹೆಸರಿನಲ್ಲಿ ಢಾಲು ಇಡಲು ಮನೆಯವರು ಅವಸರದಲ್ಲಿ ಬರುತ್ತಾರೆ. ಹೆಸರು ಸಿದ್ಧವಿದ್ದರೆ ಒಳ್ಳೆಯದು ಎಂಬ ಲೆಕ್ಕ. ಹೆಸರಿನ ಎಡಕ್ಕೆ ಒಂದಿಷ್ಟು ಜಾಗ ಬಿಡುತ್ತಿದ್ದ. ಸಾವಿನ ಸುದ್ದಿ ಬಂದ ಮೇಲೆ ಅಲ್ಲಿ ‘ದಿ.’ ಕೊರೆದರೆ ಪಟ್ಟಿ ಪೂರ್ತಿ.

“ಬದುಕಿದ್ದವರ ಹೆಸರು ಹ್ಯಾಂಗ ಆರಸ್ತೀರಿ, ಮಾವಾರ?” ಎಂದು ಸುನಿತಾ ಒಮ್ಮೆ ಕೇಳಿದ್ದಳು.

“ನಾ ಎಲ್ಲಿ ಆರಸ್ತೀನಿ? ಕೈಗೆ ಬಂದದ್ದು ಬರೀತೀನಿ.”

ಲಕ್ಷ್ಮೇಶ್ವರದ ನರಸಿಂಹ ಮಾಸ್ತರರು ಕಪ್ ಒಯ್ಯಲು ಬಂದಾಗ ತಮ್ಮದೇ ಹೆಸರಿನ ಪಟ್ಟಿ ಕಂಡರು. ಗಟ್ಟಿಮುಟ್ಟಾದ ಆಳು, ಹೊಟ್ಟೆ ಹಿಡಿದು ನಕ್ಕರು.

“ಏನೋ ಉಳವಪ್ಪ, ನನ್ನ ಕಳಸಾಕ ಇಷ್ಟ್ ಅವಸರ ಏನು? ಕೊಡಿಲ್ಲೆ, ಮನ್ಯಾಗ ನಮ್ಮ ಕಮಲಾಬಾಯಿಗೆ ತೋರಸ್ತೀನಿ. ಭಾಳ ಖುಷಿ ಆಗ್ತಾಳ.”

“ಇನ್ನೂ ಪೂರಾ ಆಗಿಲ್ಲರಿ, ಮಾಸ್ತರ,” ಎಂದ ಉಳವಪ್ಪ. ಅವನು ನಗಲಿಲ್ಲ.

ಯುಗಾದಿಗೆ ಮುನ್ನ ಅದು ಪೂರ್ತಿಯಾಯಿತು.

ಹೋದ ವರ್ಷ ಉಳವಪ್ಪ ತೀರಿಕೊಂಡ. ಪಟ್ಟಿಗಳ ಡಬ್ಬಿಯಲ್ಲಿ ಅವನ ಹೆಸರೂ ಸಿದ್ಧವಾಗಿತ್ತು. ಕಾರ್ಯವೆಲ್ಲ ಮುಗಿದು ಅಂಗಡಿ ತೆರೆದ ದಿನ ಸುನಿತಾ ಅದಕ್ಕೆ ‘ದಿ.’ ಕೊರೆದಳು. ಕೆಳಗೆ ಇನ್ನೊಂದೇ ಪಟ್ಟಿ ಉಳಿದಿತ್ತು. ಅದರ ಮೇಲೆ ಮಾವನ ಕೈಬರಹದಲ್ಲಿ ಸಿದ್ದಲಿಂಗೇಶ ಎಂದಿತ್ತು. ಎಡಕ್ಕೆ ಖಾಲಿ ಜಾಗ.

ಗಂಡ ಆಗಲೇ ಮುಂಡರಗಿಯ ದಾರಿಯಲ್ಲಿದ್ದ. ಪಟ್ಟಿಯನ್ನು ಮುರಿಯಲು ಅವಳಿಗೆ ಧೈರ್ಯ ಬರಲಿಲ್ಲ. ಹೆಸರಿಗೆ ಮಾಡಿದ್ದು ಮನುಷ್ಯನಿಗೇ ಮಾಡಿದಂತೆ ಎಂದು ಮಾವ ಹೇಳುತ್ತಿದ್ದ. ಜಾಗ ಖಾಲಿ ಇದ್ದರೆ ತಾನೇ ‘ದಿ.’ ಬರುವುದು? ಅವಳು ಅಲ್ಲಿ ‘ಶ್ರೀ’ ಕೊರೆದಳು.

ಸಂಜೆ ಸಿದ್ದಲಿಂಗೇಶ ಮೊಣಕೈ ತರಚಿಸಿಕೊಂಡು ಬಂದ.

“ಹಿರೇವಡ್ಡಟ್ಟಿ ತಿರುವಿನ್ಯಾಗ ಟ್ರ್ಯಾಕ್ಟರ್ ಅಡ್ಡ ಬಂತು. ಗಾಲಿ ತಲಿ ಬಾಜೂಕ ಹೋತು ನೋಡು. ಡಬ್ಯಾಗಿನ ಕಪ್ ಎಲ್ಲಾ ಚಪ್ಪಟಿ ಆಗ್ಯಾವು, ನನಗ ಮಾತ್ರ ಇಷ್ಟ ಗಾಯ.”

ಮರುದಿನ ಬೆಳಿಗ್ಗೆ ಅವಳು ಡಬ್ಬಿ ತೆರೆದಳು. ಹೆಸರು ಇತ್ತು. ‘ಶ್ರೀ’ ಇರಲಿಲ್ಲ. ಬೆರಳಾಡಿಸಿದರೆ ಆ ಜಾಗ ನುಣ್ಣಗಿತ್ತು, ಉಳಿಯೇ ತಾಗಿಲ್ಲವೆನ್ನುವಷ್ಟು. ಅವಳು ಕುಳಿತು ಮತ್ತೆ ಕೊರೆದಳು.

ಅಂದಿನಿಂದ ‘ಶ್ರೀ’ ದಿನವೂ ಅಳಿದಿರುತ್ತದೆ, ಅಂಗಡಿಯ ಮೊದಲ ಕೆಲಸ ಅದೇ. ಗೀಚಿ ಉಳಿಯ ಮೊನೆ ಪರೀಕ್ಷಿಸುತ್ತಾಳೆ ಎಂದು ಗಿರಾಕಿಗಳು ತಿಳಿದಿದ್ದಾರೆ. ಗಂಡನೂ ಹಾಗೆಯೇ ತಿಳಿದಿದ್ದಾನೆ. ಬೈಕು ಹೊರಡುವ ಮೊದಲು ‘ಶ್ರೀ’ ಮುಗಿಯಬೇಕು. ಇದುವರೆಗೆ ಒಂದು ದಿನವೂ ತಪ್ಪಿಲ್ಲ.

ಈಚೆಗೆ ಜಾಗ ನುಣ್ಣಗಿರುವುದಿಲ್ಲ. ಬೆಳಿಗ್ಗೆ ಅಲ್ಲೊಂದು ಸಣ್ಣ ಬಾಗಿದ ಗೆರೆ ಇರುತ್ತದೆ. ಹಳೆಯ ಗೀರು ಹಿತ್ತಾಳೆಯಲ್ಲಿ ಮಸುಕಾಗುತ್ತದೆ. ಇದು ಈಗಷ್ಟೇ ಕೊರೆದಂತೆ ಹೊಳೆಯುತ್ತದೆ. ‘ದಿ’ ಬರೆಯುವಾಗ ಮಾವ ಆ ಬಾಗಿನಿಂದಲೇ ಶುರು ಮಾಡುತ್ತಿದ್ದ. ದಿನಕ್ಕಿಷ್ಟು ಅದು ಉದ್ದವಾಗುತ್ತಿದೆ. ಅದನ್ನು ‘ಶ್ರೀ’ಯ ಒಳಗೆ ಅಡಗಿಸಲು ಈಗ ಹೆಚ್ಚು ಹೊತ್ತು ಬೇಕು.

ಇಂದು ಅಡರಕಟ್ಟಿಯ ಶಾಲೆಗೆ ಕಪ್ ಮುಟ್ಟಿಸಬೇಕಿತ್ತು. ಹೊರಗೆ ಬೈಕು ಚಾಲೂ ಆಯಿತು.

“ಸುನೀ, ದಿನಾ ಮುಂಜಾನೆ ಏನ್ ಗೀಚತೀಯ ಮಾರಾಯ್ತಿ? ಅಲ್ಲಿ ಹುಡುಗ್ರು ಕಾಯಾಕ ಹತ್ಯಾರ. ನಾ ಹೊಂಟೆ.”

“ಬ್ಯಾಡ್ರಿ!” ಅವಳು ತಲೆ ಎತ್ತಲಿಲ್ಲ. “ಗಾಡಿ ಬಂದ್ ಮಾಡ್ರಿ. ಇನ್ನೊಂದು ಗೆರಿ ಐತಿ.”